ಸ್ಪ್ಯಾಮ್ ಡಬ್ಬಿಯಲ್ಲಿ ಸಿಕ್ಕ ‘ಲೋ’

ಹೋದ ವರ್ಷ ಗಣೇಶನ ಹಬ್ಬದ ಮಾರನೇ ದಿನ, ನ್ಯೂಜೆರ್ಸಿಯಲ್ಲಿರುವ ನನ್ನ ಬಾಲ್ಯದ ಗೆಳೆಯನಿಗೆ ಕನ್ನಡದಲ್ಲೇ ಒಂದು ಇಮೇಲ್ ಬರೆದೆ. ನಾವಿಬ್ಬರೂ ಚಾಮರಾಜಪೇಟೆಯ ಒಂದೇ ವಠಾರದಲ್ಲಿ ಬೆಳೆದವರು. ಅವನು ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ. ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರಿನ ಹಿಂದೆ ಕೂತೆ, ಅರವತ್ತು ತುಂಬಿದ ಮೇಲೆಯೇ ಎದ್ದೆ. ಅವನ ಹೆಂಡತಿ ತೀರಿಕೊಂಡ ಮೇಲೆ ಅವನ ಫೋನು ಕಡಿಮೆಯಾಗಿತ್ತು. ನಾನೇ ಮಾಡಿದರೂ ‘ಹ್ಞೂಂ, ಪರವಾಗಿಲ್ಲ’ ಅಷ್ಟೇ. ಫೋನಿನಲ್ಲಿ ಆಡಲಾಗದ್ದನ್ನು ಬರೆಯಬಹುದು ಎಂದುಕೊಂಡು ಬರೆದಿದ್ದೆ.

ಉತ್ತರ ಬರಲಿಲ್ಲ. ವಾರ ಕಳೆಯಿತು, ಪಿತೃಪಕ್ಷ ಕಳೆಯಿತು, ನವರಾತ್ರಿ ಬಂತು. ನನಗೆ ಒಳಗೊಳಗೇ ಸಿಟ್ಟು. “ಎರಡು ಸಾಲು ಬರೆಯೋಕೆ ಅವನಿಗೇನು ದಾಡಿ?” ಎಂದು ಹೆಂಡತಿಯ ಹತ್ತಿರ ಗೊಣಗಿದೆ. “ಇನ್ನೊಂದು ಸಲ ನೀವೇ ಬರೀರಿ” ಎಂದಳು. ನಾನು ಬರೆಯಲಿಲ್ಲ. ಎಪ್ಪತ್ತು ದಾಟಿದ ಮೇಲೂ ಈ ಹಟ ಹೋಗುವುದಿಲ್ಲ ನೋಡಿ.

ದಸರಾ ರಜೆಗೆ ಮಲ್ಲೇಶ್ವರದಿಂದ ಮೊಮ್ಮಗಳು ಬಂದಳು. ಒಂಬತ್ತನೇ ಕ್ಲಾಸು. ಬೊಂಬೆ ಕೂರಿಸಿದ ಫೋಟೋಗಳನ್ನು ನನ್ನ ಲ್ಯಾಪ್‌ಟಾಪಿನಿಂದ ಎಲ್ಲರಿಗೂ ಕಳಿಸುತ್ತ ಕೂತವಳು, “ತಾತ, ನಿನ್ನ ಸ್ಪ್ಯಾಮ್ ಡಬ್ಬಿ ಯಾವತ್ತಾದರೂ ನೋಡಿದೀಯಾ?” ಎಂದಳು.

ಅದನ್ನು ಯಾಕೆ ನೋಡಬೇಕು? ಸ್ಪ್ಯಾಮ್ ಎಂದರೆ ಕರೆಯದೇ ಬರುವ ಕಸ: ಲಾಟರಿ ಹೊಡೆದಿದೆ, ಸಾಲ ಬೇಕೇ, ನಿಮ್ಮ ಖಾತೆ ಮುಚ್ಚಿದೆ. 1978ರ ಮೇ 3ರಂದು ಅಮೆರಿಕದ ಒಬ್ಬ ಕಂಪ್ಯೂಟರ್ ಮಾರಾಟಗಾರ ಒಂದೇ ಜಾಹೀರಾತನ್ನು ಸುಮಾರು 400 ಜನಕ್ಕೆ ಒಟ್ಟಿಗೆ ಕಳಿಸಿ ಈ ಕೆಲಸಕ್ಕೆ ನಾಂದಿ ಹಾಡಿದನಂತೆ. ಈಗ ಅಂಥದ್ದನ್ನು ಬೇರೆ ಮಾಡಲು ಸೋಸುವ ತಂತ್ರಾಂಶಗಳಿವೆ, ನಾವು ಜರಡಿ ಎನ್ನೋಣ. ಜರಡಿ ಹಿಡಿದದ್ದು ಸ್ಪ್ಯಾಮ್ ಡಬ್ಬಿಗೆ ಬೀಳುತ್ತದೆ. ನನ್ನ ಮೇಲ್‌ನಲ್ಲಿ ಅಲ್ಲಿ 30 ದಿನ ಬಿದ್ದಿದ್ದ ಪತ್ರ ತಾನೇ ಅಳಿಸಿಹೋಗುತ್ತದೆ.

ಡಬ್ಬಿಯ ತಳದ ಹತ್ತಿರ ಒಂದು ಪತ್ರವಿತ್ತು. ಬಂದು 26 ದಿನವಾಗಿತ್ತು. ಕಳಿಸಿದವರ ವಿಳಾಸ ನನಗೆ ಪರಿಚಯದ್ದಲ್ಲ, ಅಕ್ಷರ ಅಂಕಿಗಳ ಕಲಸುಮೇಲೋಗರ. ಒಳಗೆ ಸಾಲುಸಾಲಾಗಿ ಇಂಗ್ಲಿಷ್ ಅಕ್ಷರಗಳು, ಒಂದೂ ಅರ್ಥವಿಲ್ಲ. ಮೊದಲ ಸಾಲು ಹೀಗೆ ಶುರುವಾಗಿತ್ತು: 4, ಎಲ್, ಕೆ, ಚಿಕ್ಕ ವೈ, 4, ಎಲ್, ಓ, ಎಲ್.

“ವೈರಸ್ ಇರಬೇಕು, ಮುಟ್ಟಬೇಡ ಕಣೇ!” ಎಂದೆ.

“ಲಿಂಕ್ ಒತ್ತಿದರೆ ತಾನೇ ತೊಂದರೆ? ಬರೀ ನೋಡಿದರೆ ಏನೂ ಆಗಲ್ಲ. ಇದು ಬೇಸ್ 64 ತಾತ. ಏನೋ ಸುತ್ತಿಟ್ಟಿದಾರೆ, ಸುತ್ತಿದ್ದು ಕೆಟ್ಟುಹೋಗಿದೆ” ಎಂದಳು.

ಮಕ್ಕಳೇ, ನಿಮಗೆ ಇದು ಗೊತ್ತಿರಬಹುದು. ನನ್ನ ಹಾಗಿರುವ ಅಜ್ಜ-ಅಜ್ಜಿಯರಿಗಾಗಿ ಹೇಳುತ್ತೇನೆ.

ಇಮೇಲ್ ಹುಟ್ಟಿದಾಗ ಅದಕ್ಕೆ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಅಂಕಿ, ಒಂದಿಷ್ಟು ಚಿಹ್ನೆ, ಒಟ್ಟು 128 ಗುರುತು ಮಾತ್ರ. ಕನ್ನಡವೂ ಇಲ್ಲ, ಫೋಟೋವೂ ಇಲ್ಲ. ಇದನ್ನು ಸರಿಪಡಿಸಿದವರಲ್ಲಿ ಒಬ್ಬರು ಅಮೆರಿಕದ ನಥಾನಿಯಲ್ ಬೋರೆನ್‌ಸ್ಟೈನ್. 1992ರ ಮಾರ್ಚ್ 11ರಂದು ಅವರು ಹೊಸ ಪದ್ಧತಿಯಲ್ಲಿ ಕಳಿಸಿದ ಮೊದಲ ಇಮೇಲಿನಲ್ಲಿ ಅವರದೇ ನಾಲ್ವರ ಹಾಡುಗಾರ ತಂಡದ ಫೋಟೋ ಮತ್ತು ಹಾಡು ಇದ್ದವು. ಇದೆಲ್ಲ ಯಾಕೆ ಬೇಕು ಎಂದು ಕೇಳಿದವರಿಗೆ, ಮುಂದೆ ನನಗೆ ಮೊಮ್ಮಕ್ಕಳಾದಾಗ ಅವರ ಫೋಟೋ ಇಮೇಲಿನಲ್ಲಿ ಬರಬೇಕು ಎನ್ನುತ್ತಿದ್ದರಂತೆ. ಆ ಮಾತು ಕೇಳಿದಾಗಿನಿಂದ ನನಗೆ ಆ ಮನುಷ್ಯನ ಮೇಲೆ ಪ್ರೀತಿ.

ಅವರ ಪದ್ಧತಿಯಲ್ಲಿ ಇಂಗ್ಲಿಷಲ್ಲದ್ದನ್ನು ಇಂಗ್ಲಿಷ್ ಅಕ್ಷರಗಳ ಹೊದಿಕೆಯಲ್ಲಿ ಸುತ್ತಿ ಕಳಿಸುತ್ತಾರೆ. ಆ ಕಡೆಯ ಯಂತ್ರ ಬಿಚ್ಚಿ ತೋರಿಸುತ್ತದೆ. ಮೊಮ್ಮಗಳು ಉಸ್ಲಿಯ ತಟ್ಟೆಯಿಂದ 24 ಕಡಲೆಕಾಳು ಎತ್ತಿ ಮೇಜಿನ ಮೇಲೆ ಎಂಟೆಂಟರ ಮೂರು ಗುಂಪು ಮಾಡಿದಳು. “ಒಂದು ಕನ್ನಡ ಅಕ್ಷರಕ್ಕೆ ಕಂಪ್ಯೂಟರಲ್ಲಿ ಮೂರು ಬೈಟು. ಒಂದೊಂದು ಬೈಟಿನಲ್ಲಿ ಎಂಟು ಬಿಟ್ಟು.” ಆಮೇಲೆ ಅವನ್ನೇ ಕಲೆಸಿ ಆರಾರರ ನಾಲ್ಕು ಗುಂಪು ಮಾಡಿದಳು. “ಈಗ ಒಂದೊಂದು ಗುಂಪಿಗೂ ಒಂದು ಇಂಗ್ಲಿಷ್ ಗುರುತು. ಆರು ಬಿಟ್ಟಿನಲ್ಲಿ 64 ಥರ ಬರೆಯಬಹುದು, ಅದಕ್ಕೇ ಬೇಸ್ 64.” ಪಾಠ ಮುಗಿದ ಮೇಲೆ 24 ಕಾಳನ್ನೂ ಬಾಯಿಗೆ ಹಾಕಿಕೊಂಡಳು.

64 ಗುರುತುಗಳ ಲೆಕ್ಕ ಸುಲಭ. ದೊಡ್ಡ ಎ ಇಂದ ದೊಡ್ಡ ಜೆಡ್‌ವರೆಗೆ 0ಯಿಂದ 25. ಚಿಕ್ಕ ಎ ಇಂದ ಚಿಕ್ಕ ಜೆಡ್‌ವರೆಗೆ 26ರಿಂದ 51. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳಿಗೆ 52ರಿಂದ 61. ಕೂಡಿಸುವ ಗುರುತಿಗೆ 62, ಓರೆಗೆರೆಗೆ 63.

ಇನ್ನು ಕನ್ನಡದ ಕಡೆ. 1991ರಲ್ಲಿ ಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳ ಒಂದು ಬೀದಿ ಸಿಕ್ಕಿತ್ತು. ಅದಕ್ಕೆ ಮುಂಚಿನಿಂದಲೂ, ಆಮೇಲೆ ಬಹಳ ಕಾಲವೂ, ನಾವು ಕನ್ನಡದ ಚಿತ್ರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಫಾಂಟುಗಳಲ್ಲೇ ಕೆಲಸ ನಡೆಸಿದೆವು. ನುಡಿಯಲ್ಲಿ ‘ಕನ್ನಡ’ ಎಂದು ಬರೆದು ಕಳಿಸಿದರೆ, ಆ ಫಾಂಟು ಇಲ್ಲದವರ ಪರದೆಯ ಮೇಲೆ ಪದದ ನಡುವೆ ಬ್ರಿಟಿಷ್ ಪೌಂಡಿನ ಗುರುತು ಕಾಣುತ್ತಿತ್ತು. ಬ್ಯಾಂಕಿನವನಾದ ನನಗೆ ಅದೊಂದು ತಮಾಷೆ. ಯುನಿಕೋಡಿನಲ್ಲಿ ಆ ಗೋಳಿಲ್ಲ, ಪ್ರತಿ ಅಕ್ಷರಕ್ಕೂ ಸ್ವಂತ ಮನೆ. 3221ರಲ್ಲಿ ‘ಕ’ ಇದೆ. ಅಲ್ಲಿಂದ ‘ನ’ದವರೆಗೆ ನಾವು ಸ್ಲೇಟಿನ ಮೇಲೆ ತಿದ್ದಿದ ಕ್ರಮದಲ್ಲೇ ಸಾಲಾಗಿ ಮನೆಗಳು. ಆಮೇಲೆ ಒಂದು ಖಾಲಿ ಮನೆ, ನಂತರ ‘ಪ’. ‘ರ’ ಮತ್ತು ‘ಲ’ ನಡುವೆ ಹಳಗನ್ನಡದ ‘ಱ’ಕ್ಕೂ ಒಂದು ಮನೆ ಉಳಿಸಿದ್ದಾರೆ. ಈಗ ಯಾರೂ ಬಳಸದಿದ್ದರೂ ಹಿರಿಯರನ್ನು ಮನೆಯಿಂದ ಆಚೆ ಹಾಕಿಲ್ಲ.

ಇಷ್ಟು ಗೊತ್ತಾದರೆ ಪೆನ್ಸಿಲು ಕಾಗದದಲ್ಲೇ ಬಿಚ್ಚಬಹುದು. ಕನ್ನಡ ಅಕ್ಷರವಾದರೆ ನಾಲ್ಕರ ಗುಂಪಿನ ಮೊದಲೆರಡು ಯಾವಾಗಲೂ 4 ಮತ್ತು ಎಲ್. ಮೂರನೆಯದು ಕೆ ಇದ್ದರೆ ನಾಲ್ಕನೆಯದರ ಬೆಲೆಯನ್ನು 3200ಕ್ಕೆ ಕೂಡಿಸಬೇಕು. ಓ ಇದ್ದರೆ 3264ಕ್ಕೆ ಕೂಡಿಸಬೇಕು. ಪದಗಳ ನಡುವೆ ಖಾಲಿ ಜಾಗ ಬಂದರೆ ಮಾತ್ರ ಗುಂಪುಗಳ ಕಟ್ಟು ಪಕ್ಕಕ್ಕೆ ಸರಿದು 4-ಎಲ್ ವೇಷ ಬದಲಿಸುತ್ತದೆ. ಅಂಥ ಮೂರು ಖಾಲಿ ಜಾಗ ಕಳೆದರೆ ಮತ್ತೆ ಹಳೆಯ ವೇಷ.

ಕೂಡುವುದು ಕಳೆಯುವುದು ಎಂದರೆ ನನಗೆ ಕೈ ತುರಿಸುತ್ತದೆ. ಕನ್ನಡಕ ಹಾಕಿಕೊಂಡು ಕೂತೆ. 4, ಎಲ್, ಕೆ, ಚಿಕ್ಕ ವೈ: ಚಿಕ್ಕ ವೈ ಅಂದರೆ 50, ಹಾಗಾಗಿ 3250. ಮೊಮ್ಮಗಳು ಪಟ್ಟಿ ನೋಡಿ “ಲ” ಎಂದಳು. 4, ಎಲ್, ಓ, ಎಲ್: ಎಲ್ ಅಂದರೆ 11, ಹಾಗಾಗಿ 3275. “ಓತ್ವ!” ಎಂದವಳೇ ಬಿದ್ದು ಬಿದ್ದು ನಕ್ಕಳು. “ತಾತ, ಇದರಲ್ಲಿ ಎಲ್-ಓ-ಎಲ್ ಇದೆ!” ನಗು ಬಂದರೆ ಈಗಿನ ಮಕ್ಕಳು ಹಾಗೇ ಬರೆಯುತ್ತಾರಂತೆ.

ನಾನು ನಗಲಿಲ್ಲ. ‘ಲೋ’. ಈ ಭೂಮಿಯ ಮೇಲೆ ನನ್ನನ್ನು ‘ಲೋ’ ಎಂದು ಕರೆಯುವವನು ಈಗ ಒಬ್ಬನೇ ಉಳಿದಿದ್ದಾನೆ.

ಚಿಕ್ಕ ವೈ ಬದಲು ದೊಡ್ಡ ವೈ ಎಂದು ಓದಿದ್ದರೆ 50 ಹೋಗಿ 24 ಆಗುತ್ತಿತ್ತು, ‘ಲೋ’ ಹೋಗಿ ‘ಘೋ’ ಆಗುತ್ತಿತ್ತು. ಆಗ ಪತ್ರವನ್ನು ಅಲ್ಲೇ ಬಿಟ್ಟುಬಿಡುತ್ತಿದ್ದೆನೋ ಏನೋ.

ಮಿಕ್ಕದ್ದನ್ನು ಕೈಯಲ್ಲಿ ಬಿಚ್ಚುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಅವಳು ಬಿಚ್ಚುವ ಒಂದು ತಂತ್ರಾಂಶಕ್ಕೆ ಇಡೀ ಪತ್ರ ಹಾಕಿದಳು. ಅದು ‘ತಪ್ಪಿದೆ’ ಎಂದು ಹೇಳಿ ಒಂದಕ್ಷರವನ್ನೂ ಕೊಡಲಿಲ್ಲ. ನಮ್ಮ ಕಾಲದ ಕೆಲವು ಹೆಡ್ ಕ್ಲಾರ್ಕುಗಳು ಹೀಗೇ ಇದ್ದರು. ಕೊನೆಯ ಸಾಲು ಎಣಿಸಿ ನೋಡಿದೆವು. ಎಲ್ಲ ಗುಂಪೂ ನಾಲ್ಕರದು, ಕಟ್ಟಕಡೆಯ ಗುಂಪು ಮಾತ್ರ ಮೂರರದು: 4, ಎಲ್, ಕೆ. ಅಲ್ಲಿಗೆ ಪತ್ರ ಹರಿದಿತ್ತು. ಕನ್ನಡದ ಅಕ್ಷರ ಎಂದು ಗೊತ್ತು, ಯಾವ ಅಕ್ಷರ ಎಂದು ಗೊತ್ತಿಲ್ಲ. ಪತ್ರದ ತಲೆಯಲ್ಲಿ ‘ಇದನ್ನು ಬೇಸ್ 64ರಲ್ಲಿ ಸುತ್ತಿದೆ’ ಎಂದು ಹೇಳಬೇಕಾದ ಸಾಲೂ ಇರಲಿಲ್ಲ. ಅದಕ್ಕೇ ನನ್ನ ಲ್ಯಾಪ್‌ಟಾಪು ಬಿಚ್ಚುವ ಪ್ರಯತ್ನವನ್ನೇ ಮಾಡದೆ ಹೊದಿಕೆಯನ್ನೇ ತೋರಿಸಿತ್ತು.

ಎರಡನೇ ತಂತ್ರಾಂಶ ಸ್ವಲ್ಪ ಮೃದು ಸ್ವಭಾವದ್ದು. ಓದಲಾಗುವಷ್ಟನ್ನು ಓದಿ, ಕೊನೆಯಲ್ಲಿ ಕಪ್ಪು ವಜ್ರದೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸುಮ್ಮನಾಯಿತು. ಮೊಮ್ಮಗಳು ಗಟ್ಟಿಯಾಗಿ ಓದಿದಳು.

“ಲೋ, ನಿನ್ನ ಕಾಗದ ನೋಡಿ ಎರಡು ದಿನ ಸುಮ್ಮನೆ ಕೂತಿದ್ದೆ. ಹಳೇ ಇಮೇಲು ಕೈಕೊಟ್ಟಿದೆ, ಮಗ ಹೊಸದು ಮಾಡಿಕೊಟ್ಟಿದಾನೆ. ಈ ಸಲ ಕಡಲೆಕಾಯಿ ಪರಿಷೆಗೆ ಬರೋಣ ಅಂತಿದೀನಿ. ಹೋಟ್ಲಲ್ಲಿ ಇಳಿಯೋಕೆ ಮನಸ್ಸಿಲ್ಲ, ಒಬ್ಬನೇ ರೂಮಲ್ಲಿ ಕೂರೋದು ಇಲ್ಲೇ ಸಾಕಾಗಿದೆ. ನಿಮ್ಮನೇಲಿ ಎರಡು ವಾರ ಜಾಗ ಇರತ್ತಾ? ಮನೇಲಿ ಕೇಳಿ ಹೇಳು. ಕಷ್ಟ ಆದ್ರೆ ಬರೀಬೇಡ, ಬೇಜಾರಿಲ್ಲ. ಉತ್ತರ ಬರ್ಲಿಲ್ಲ ಅಂದ್ರೆ ನಾನೇ ತಿಳ್ಕೋತೀನಿ. ನಾನು ಅಂದ್ಕೊಂಡಿರೋ ತಾರೀಖು”

ಅಲ್ಲಿಗೆ ಕಪ್ಪು ವಜ್ರ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಹೆಂಡತಿ, “26 ದಿನ!” ಎಂದಳು. ಅಷ್ಟೂ ದಿನ ನಾನು ಅವನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಅವನು ಅಲ್ಲಿ ಕೂತು ನನ್ನ ಮೌನವನ್ನು ‘ಬೇಡ’ ಎಂದು ಓದಿಕೊಂಡಿದ್ದ.

ಜರಡಿಯ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಆದರೆ ಮೊಮ್ಮಗಳು ವಿವರಿಸಿದ ಮೇಲೆ ಅದರ ಕಷ್ಟವೂ ಅರ್ಥವಾಯಿತು, ಯಾಕೆಂದರೆ ಆ ಕಷ್ಟ ನಾನೂ ಪಟ್ಟಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ಸಂಜೆ ಲೆಕ್ಕದಲ್ಲಿ 9,900 ರೂಪಾಯಿ ವ್ಯತ್ಯಾಸ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಜಾರಿದೆ ಅಥವಾ ಅದಲುಬದಲಾಗಿದೆ ಎಂದು ಹಿರಿಯರು ಹೇಳಿಕೊಟ್ಟಿದ್ದರು. ರಾತ್ರಿ ಒಂಬತ್ತೂವರೆಗೆ ಕಳ್ಳ ಸಿಕ್ಕಿದ. ಒಂದು ಚೆಕ್ಕಿನಲ್ಲಿ ಅಂಕಿಯಲ್ಲಿ 11,000, ಅಕ್ಷರದಲ್ಲಿ ‘ಒಂದು ಸಾವಿರದ ನೂರು’. ಒಬ್ಬರು ಅಂಕಿ ನೋಡಿ ಬರೆದುಕೊಂಡಿದ್ದರು, ಇನ್ನೊಬ್ಬರು ಅಕ್ಷರ ನೋಡಿ. ಕಾನೂನಿನಲ್ಲಿ ಇದಕ್ಕೆ ಉತ್ತರವಿದೆ. 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಮಿನ ಪ್ರಕಾರ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ. ಚೆಕ್ಕಿನಲ್ಲಿ ತಪ್ಪಿತ್ತು, ನಿಜ. ಆದರೆ ನಮ್ಮನ್ನು ಒಂಬತ್ತೂವರೆವರೆಗೆ ಕೂರಿಸಿದ್ದು ಆ ತಪ್ಪಲ್ಲ, ಒಂದೇ ತಪ್ಪು ಕಾಗದವನ್ನು ಇಬ್ಬರು ಎರಡು ಥರ ಓದಿದ್ದು.

ಸ್ಪ್ಯಾಮ್ ಕಳಿಸುವವರು ಹಿಡಿದುಕೊಂಡದ್ದು ಇದೇ ಸಂದನ್ನು. ಮೊದಮೊದಲು ಜರಡಿಗಳು ‘ಲಾಟರಿ’, ‘ಬಹುಮಾನ’ ಇಂಥ ಪದಗಳನ್ನು ಹುಡುಕುತ್ತಿದ್ದವು. ಕಳ್ಳರು ಅದೇ ಪದಗಳನ್ನು ಬೇಸ್ 64ರಲ್ಲಿ ಸುತ್ತಿದರು. ಜರಡಿಗಳು ಬಿಚ್ಚಿ ನೋಡುವುದನ್ನು ಕಲಿತವು. ಆಗ ಕಳ್ಳರು ಬೇಕೆಂದೇ ಹೊದಿಕೆಯನ್ನು ಕೆಡಿಸಲು ಶುರುಮಾಡಿದರು. ನಡುವೆ ಪಟ್ಟಿಯಲ್ಲಿಲ್ಲದ ಒಂದು ಚಿಹ್ನೆ ತುರುಕುವುದು, ಬಾಲ ಕತ್ತರಿಸುವುದು, ಕೊನೆಯಲ್ಲಿ ಮಾತ್ರ ಬರಬೇಕಾದ ಸಮ ಚಿಹ್ನೆಯನ್ನು ಮಧ್ಯೆ ಇಡುವುದು. ಪಟ್ಟಿಯಲ್ಲಿಲ್ಲದ ಚಿಹ್ನೆ ಬಂದರೆ ಅದನ್ನು ಬಿಟ್ಟು ಮುಂದೆ ಓದಿ ಎಂದು 1996ರ ನಿಯಮಾವಳಿಯೇ ಹೇಳುತ್ತದೆ. ಆದರೆ ಎಲ್ಲ ತಂತ್ರಾಂಶಗಳೂ ಹಾಗೆ ಮಾಡುವುದಿಲ್ಲ. ಮಧ್ಯೆ ಸಮ ಚಿಹ್ನೆ ಕಂಡರೆ ಒಂದು ಅಲ್ಲಿಗೇ ನಿಲ್ಲಿಸುತ್ತದೆ, ಇನ್ನೊಂದು ದಾಟಿ ಹೋಗುತ್ತದೆ. ಕಟ್ಟುನಿಟ್ಟಿನ ಜರಡಿ ‘ಇದನ್ನು ಓದಲಾಗದು’ ಎಂದು ಕೈಚೆಲ್ಲಿ ಒಳಗೆ ಬಿಟ್ಟರೆ, ಮನೆಯಲ್ಲಿರುವ ಮೃದು ಸ್ವಭಾವದ ತಂತ್ರಾಂಶ ತಪ್ಪನ್ನೆಲ್ಲ ಮನ್ನಿಸಿ ‘ನಿಮಗೆ ಲಾಟರಿ ಹೊಡೆದಿದೆ’ ಎಂದು ಚೆಂದವಾಗಿ ತೋರಿಸುತ್ತದೆ. ಕಾವಲುಗಾರನಿಗೆ ಕಾಣದ್ದು ಯಜಮಾನನಿಗೆ ಕಾಣುತ್ತದೆ!

ಇದಕ್ಕೆ ಒಳ್ಳೆಯ ಉಪಾಯ, ಓದುಗನ ತಂತ್ರಾಂಶ ಹೇಗೆ ಓದುತ್ತದೋ ಜರಡಿಯೂ ಹಾಗೇ ಓದಿ ನೋಡುವುದು. ಅದರ ಜೊತೆಗೆ, ಕೆಟ್ಟ ಹೊದಿಕೆಯನ್ನೇ ಒಂದು ಅನುಮಾನವಾಗಿ ಎಣಿಸುವುದೂ ಉಂಟು. ಸ್ಪ್ಯಾಮ್ ಅಸ್ಯಾಸಿನ್ ಎಂಬ ಉಚಿತ ಜರಡಿಯೊಂದಿದೆ. ಅದು ಪ್ರತಿ ಅನುಮಾನಕ್ಕೂ ಅಂಕ ಕೊಡುತ್ತ ಹೋಗುತ್ತದೆ, ಯಾರೂ ಬದಲಿಸದಿದ್ದರೆ 5 ಅಂಕ ಮುಟ್ಟಿದ ಪತ್ರ ಸ್ಪ್ಯಾಮ್. ಪರೀಕ್ಷೆಯಲ್ಲಿ ಅಂಕ ಹೆಚ್ಚಾದಷ್ಟೂ ನಪಾಸು! ಸಾದಾ ಮಾತನ್ನು ಬೇಸ್ 64ರ ಮುಸುಕು ಹಾಕಿ ಕಳಿಸಿದ್ದಕ್ಕೂ ಅದರಲ್ಲಿ ಒಂದು ನಿಯಮವಿದೆ. ನನ್ನ ಮೇಲ್‌ನ ಜರಡಿ ಬೇರೆ, ಆದರೂ ಅದರ ಕಣ್ಣಿಗೆ ನನ್ನ ಗೆಳೆಯ ಹೇಗೆ ಕಂಡಿರಬೇಕು ನೋಡಿ: ಹೊಸ ವಿಳಾಸ, ತಲೆಯ ಸಾಲಿಲ್ಲ, ಬಾಲ ಹರಿದಿದೆ, ಒಳಗೇನಿದೆಯೋ ಓದಲಾಗದು.

ಕಳ್ಳನ ಹರಿದ ಲಕೋಟೆಗೂ ಮುದುಕನ ಹರಿದ ಲಕೋಟೆಗೂ ವ್ಯತ್ಯಾಸ ಕಂಡುಹಿಡಿಯುವುದು ಸುಲಭವಲ್ಲ, ಒಪ್ಪುತ್ತೇನೆ. ನನ್ನ ತಕರಾರು ಬೇರೆ. ಇಂಗ್ಲಿಷ್ ಪತ್ರ ಪೋಸ್ಟ್ ಕಾರ್ಡಿನ ಹಾಗೆ, ಹೊದಿಕೆಯಿಲ್ಲದೆಯೇ ಓಡಾಡುತ್ತದೆ, ಒಂದು ಮೂಲೆ ಹರಿದರೂ ಮಿಕ್ಕದ್ದು ಓದಬಹುದು. ಕನ್ನಡ ಪತ್ರ ಇವತ್ತಿಗೂ ಹೆಚ್ಚಾಗಿ ಲಕೋಟೆಯಲ್ಲೇ ಹೊರಡುತ್ತದೆ. ಹೊದಿಕೆ ಹೆಚ್ಚಿದಷ್ಟೂ ಹರಿಯುವ ಅವಕಾಶವೂ ಹೆಚ್ಚು. ಒಂದು ಅಕ್ಷರದ ಮೂರು ಬೈಟುಗಳ ನಡುವೆಯೇ ಸಾಲು ಮುರಿದುಹಾಕುವ ತಂತ್ರಾಂಶಗಳೂ ಇವೆ. ಹಾಗಿರುವಾಗ ಓದಲಾಗದ್ದೆಲ್ಲ ಕಸ ಎಂದರೆ ಪೆಟ್ಟು ಯಾರಿಗೆ ಬೀಳುತ್ತದೆ? ನಮ್ಮ ಶಾಖೆಗೆ ಒಮ್ಮೆ ಹೊಸದಾಗಿ ಬಂದ ಅಧಿಕಾರಿಯೊಬ್ಬರು, ಕನ್ನಡದಲ್ಲಿ ಬರೆದ ಚೆಕ್ಕನ್ನು ತಮಗೆ ಓದಲು ಬರುವುದಿಲ್ಲವೆಂದು ವಾಪಸು ಕಳಿಸಲು ಹೊರಟಿದ್ದರು. ಚೆಕ್ಕಿನಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ನಾನು ಓದಿ ಹೇಳಿದೆ, ಅವರು ಪಾಸು ಮಾಡಿದರು. ಜರಡಿಯ ಪಕ್ಕದಲ್ಲಿ ಹಾಗೆ ಓದಿ ಹೇಳಲು ಯಾರೂ ಕೂತಿರುವುದಿಲ್ಲ.

ಆ ಸಂಜೆ ಎಂಟು ಗಂಟೆಗೆ ಫೋನು ಮಾಡಿದೆ. ಅಲ್ಲಿ ಬೆಳಿಗ್ಗೆ ಹತ್ತೂವರೆ. ಅವನು “ಹಲೋ” ಎಂದ, ಆಫೀಸಿನವರ ಜೊತೆ ಮಾತಾಡುವ ದನಿಯಲ್ಲಿ.

“ಲೋ, ಯಾವತ್ತು ಬರ್ತೀಯೋ?” ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ನಿಂಗೆ ಬೇಡ ಅಂತ ಅಂದ್ಕೊಂಡೆ ಕಣೋ. ಮಗನ ಮನೆಗೇ ಹೋಗಿಬಿಡೋಣ ಅಂತ ಟಿಕೆಟ್ ನೋಡ್ತಿದ್ದೆ” ಎಂದ.

ಸ್ಪ್ಯಾಮ್ ಡಬ್ಬಿ, ಬೇಸ್ 64, ಹರಿದ ಬಾಲ ಎಲ್ಲ ಹೇಳಿದೆ. ನಾನು ಕೂಡಿ ಕಳೆದು ‘ಲೋ’ ಬಿಡಿಸಿದ್ದು ಹೇಳಿದಾಗ ಜೋರಾಗಿ ನಕ್ಕ. ಅವನ ಆ ನಗು ಕೇಳಿ ಒಂದೂವರೆ ವರ್ಷವಾಗಿತ್ತು. ಕಪ್ಪು ವಜ್ರದ ಜಾಗದಲ್ಲಿ ಯಾವ ತಾರೀಖು ಬರೆದಿದ್ದೆ ಎಂದು ಕೇಳಿದೆ. ಅವನಿಗೂ ನೆನಪಿರಲಿಲ್ಲ.

ಕಾರ್ತಿಕ ಮಾಸದ ಕಡೇ ಸೋಮವಾರ ಅವನೂ ನಾನೂ ಬುಲ್ ಟೆಂಪಲ್ ರಸ್ತೆಯಲ್ಲಿ, ಜನರ ನಡುವೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಡೆದೆವು. ಅವನಿಗೆ ಮಂಡಿ ನೋವು, ನನಗೆ ಕಣ್ಣು ಮಂಜು. ದೊಡ್ಡ ಗಣಪತಿಗೆ ಕೈ ಮುಗಿದು, ಬಸವಣ್ಣನನ್ನು ನೋಡಿ, ಬೇಕಾದ್ದಕ್ಕಿಂತ ನಾಲ್ಕು ಸೇರು ಹೆಚ್ಚು ಕಡಲೆಕಾಯಿ ಕೊಂಡು ಮನೆಗೆ ಬಂದೆವು. ಮೊಮ್ಮಗಳು ಅದರಲ್ಲಿ 24 ಎಣಿಸಿ ತೆಗೆದು, ಅವನಿಗೂ ಎಂಟೆಂಟರ ಪಾಠ ಮಾಡಿದಳು. ಅಷ್ಟು ವರ್ಷ ಇಂಜಿನಿಯರಾಗಿದ್ದವನು ಏನೂ ಗೊತ್ತಿಲ್ಲದವನ ಹಾಗೆ ಕೇಳಿಸಿಕೊಂಡ.

ಈಗ ಪ್ರತಿ ಭಾನುವಾರ ಸ್ಪ್ಯಾಮ್ ಡಬ್ಬಿ ತೆರೆದು ನೋಡುತ್ತೇನೆ. ಲಿಂಕ್ ಒತ್ತುವುದಿಲ್ಲ, ಹೆಸರುಗಳ ಮೇಲೆ ಕಣ್ಣಾಡಿಸುತ್ತೇನೆ, ಅಷ್ಟೆ. ಮರೆತುಬಿಟ್ಟೇನು ಎಂದು ಮೊಮ್ಮಗಳು ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋಗಿದ್ದಾಳೆ. ‘ಡಬ್ಬಿ ನೋಡು’ ಎಂದು ಬರೆದು, ಅದರ ಕೆಳಗೆ ಇಷ್ಟು:

4, ಎಲ್, ಕೆ, ಚಿಕ್ಕ ಕೆ. 4, ಎಲ್, ಕೆ, ಕೂಡಿಸುವ ಗುರುತು. 4, ಎಲ್, ಕೆ, ಚಿಕ್ಕ ಕೆ.

ಮಕ್ಕಳೇ, ‘ಕ’ ಇರುವುದು 3221ನೇ ಮನೆಯಲ್ಲಿ ಎಂದು ಆಗಲೇ ಹೇಳಿದ್ದೇನೆ. 3262ರಲ್ಲಿ ಯಾರಿದ್ದಾರೆ ಎಂದು ನಾನು ಹೇಳುವುದಿಲ್ಲ. ಮಿಕ್ಕದ್ದು ಗೊತ್ತಾದರೆ ಅದು ತಾನೇ ಗೊತ್ತಾಗುತ್ತದೆ.